ಪದ್ಮಿನಿಯ ಹಳೇ ವೈರಿಂಗ್

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಮಾವನವರ ಪಂಚೆಯ ಒಂದು ತುದಿ ಹಗ್ಗದ ಮೇಲಿತ್ತು, ಇನ್ನೊಂದು ತುದಿ ಬಕೆಟ್ಟಿನಲ್ಲೇ ಇತ್ತು. ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಟಾರ್ಪಾಲು ಎಳೆದ ಸದ್ದಾಯಿತು. ಬಗ್ಗಿ ನೋಡಿದರೆ ಇಬ್ಬರು ಗಂಡಸರು ನಮ್ಮ ಪದ್ಮಿನಿ ಕಾರಿನ ಹೊದಿಕೆ ತೆಗೆದು ಬಾನೆಟ್ಟನ್ನು ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಅವರಲ್ಲೊಬ್ಬ ಬಾಗಿಲು ತೆಗೆದು ಒಳಗೆ ತಲೆ ಹಾಕಿದ.

"ಒಳಗೆಲ್ಲ ಸುಟ್ಟೋಗಿದೆ ಗುರು. ತೂಕಕ್ಕೇ ಹಾಕ್ಬೇಕು."

ಶಾಲೆಯ ವ್ಯಾನಿಗೆ ಕಾಯುತ್ತ ಮಗಳು ಸಂಘಮಿತ್ರಾ ಗೇಟಿನ ಬಳಿ ನಿಂತಿದ್ದಳು. ಅವಳು ಕಾರನ್ನೂ ನೋಡುತ್ತಿರಲಿಲ್ಲ, ಬಂದವರನ್ನೂ ನೋಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವಳ ತಾತನ ಬಲಗೈಯನ್ನೇ ನೋಡುತ್ತಿದ್ದಳು.

ಪಂಚೆಯನ್ನು ಹಾಗೇ ಬಿಟ್ಟು ಕೆಳಗಿಳಿದೆ.

"ಯಾರು ಮಾವ ಇವರು?"

"ಗುಜರಿಯವರು. ನಾನೇ ಬರೋಕೆ ಹೇಳಿದ್ದೆ." ಮಾವ ನನ್ನ ಮುಖ ನೋಡದೆ ಹೇಳಿದರು. "ಮಗು ಅದರ ಹತ್ರಾನೂ ಹೋಗಲ್ಲ. ಇನ್ಯಾರಿಗೆ ಇಟ್ಕೊಳ್ಳೋದು ಲಕ್ಷ್ಮಿ?"

"ಇವತ್ತು ಬೇಡ."

"ಇವತ್ತಲ್ದಿದ್ರೆ ನಾಳೆ..."

"ನಾಳೇನೂ ಬೇಡ ಮಾವ. ಅದರ ವೈರಿಂಗ್ ನಾನು ಹೊಸದಾಗಿ ಹಾಕಿಸ್ತೀನಿ. ಆಮೇಲೂ ಅವಳು ಕೂರಲ್ಲ ಅಂದ್ರೆ ನಾನೇ ಫೋನ್ ಮಾಡಿ ಇವರನ್ನ ಕರೀತೀನಿ."

ಬಂದವರು ಬೆಳಗ್ಗೆ ಬೆಳಗ್ಗೆ ಟೈಮ್ ವೇಸ್ಟು ಎಂದು ಗೊಣಗಿಕೊಂಡು ಹೋದರು. ವ್ಯಾನ್ ಬಂತು. ಮಿತ್ರಾ ಹತ್ತಿ ಕಿಟಕಿಯ ಪಕ್ಕ ಕೂತಳು. ಕೈ ಬೀಸಿದೆ. ಅವಳೂ ಬೀಸಿದಳು, ಆದರೆ ಎಂದಿನಂತೆ ನಗಲಿಲ್ಲ.

ಆ ಕಾರಿನ ವಿಷಯ ಇಲ್ಲಿ ಹೇಳಬೇಕು. ನಮ್ಮ ಮಾವ ಅಂಜನಮೂರ್ತಿಯವರು ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ರಿಚರ್ಡ್ಸ್ ಟೌನಿನ ಒಬ್ಬ ಅಧಿಕಾರಿಯಿಂದ ಅದನ್ನು ಕೊಂಡಿದ್ದರು. ನನ್ನ ಗಂಡ ಸುನೀಲ್ ಬೆಳೆದಿದ್ದೇ ಅದರ ಹಿಂದಿನ ಸೀಟಿನಲ್ಲಿ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಯ ದಿನ ನಮ್ಮ ಬೀದಿಯ ಮೆರವಣಿಗೆ ಹಲಸೂರಿನವರೆಗೆ ಹೋಗುತ್ತದೆ. ನೀಲಿ ಬಾವುಟ ಕಟ್ಟಿಕೊಂಡ ಪದ್ಮಿನಿ ಅದರಲ್ಲಿ ಇರಲೇಬೇಕು. ಈ ವರ್ಷ ಮಿತ್ರಾ ಕಾರಿನೊಳಗೆ ನೀಲಿ ದೀಪದ ಸರ ಹಾಕಬೇಕೆಂದಳು. ತಾತನಿಗೆ ಮೊಮ್ಮಗಳೆಂದರೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿರುವ ಫ್ಯೂಸ್ ಬಾಕ್ಸ್ ತೋರಿಸಿ, ಇಲ್ಲಿ ಸಿಕ್ಕಿಸು ಎಂದು ವೈರನ್ನು ಅವಳ ಕೈಗೇ ಕೊಟ್ಟರು. ಅವಳೇ ಸಿಕ್ಕಿಸಿದಳು. ದೀಪ ಹತ್ತಿದಾಗ ಬೀದಿಯ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು.

ಹಲಸೂರು ಮುಟ್ಟುವ ಮೊದಲೇ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಬಂತು, ಹಿಂದೆಯೇ ಬೆಂಕಿ ಬಂತು. ಸುನೀಲ್ ಮಗಳನ್ನು ಎತ್ತಿಕೊಂಡು ಹೊರಗೆ ಓಡಿದರು. ಮಾವ ಉರಿಯುತ್ತಿದ್ದ ವೈರುಗಳಿಗೇ ಕೈ ಹಾಕಿ ಕಿತ್ತರು. ಕಾರು ಉಳಿಯಿತು. ಅವರ ಬಲಗೈಯ ಗಾಯ ಈಗ ಮಾಗಿದೆ, ಅಂಗೈ ಹೊಸ ಚರ್ಮದಿಂದ ಕೆಂಪಗೆ ಮಿನುಗುತ್ತದೆ, ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಅನ್ನ ಕಲಸುವುದಕ್ಕೂ ಕಷ್ಟ.

ಆ ದಿನದಿಂದ ಮಿತ್ರಾ ಊಟಕ್ಕೆ ತಾತನ ಬಲಗಡೆ ಕೂರುವುದಿಲ್ಲ. ಅವಳನ್ನು ಯಾರೂ ಬೈಯಲಿಲ್ಲ, ಏನೂ ಕೇಳಲಿಲ್ಲ. ಅವಳೂ ಏನೂ ಕೇಳಲಿಲ್ಲ. ಅವಳೊಳಗಿರುವ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. 'ನನ್ನಿಂದಾನಾ?' ಎನ್ನುವ ಪ್ರಶ್ನೆ ಅದು. ಅಲ್ಲ ಕಂದ ಎಂದು ಮಡಿಲಿಗೆಳೆದುಕೊಂಡು ಹೇಳಿಬಿಡಬಹುದಿತ್ತು. ಆದರೆ ಅವಳು ಕೇಳುವ ಮೊದಲೇ ನಾನು ಹೇಳಿದರೆ ಅದನ್ನು ಸಮಾಧಾನದ ಮಾತೆಂದುಕೊಳ್ಳುತ್ತಾಳೆ. ಹತ್ತು ವರ್ಷದ ಹುಡುಗಿಗೆ ಸಮಾಧಾನದ ಮಾತು ಯಾವುದು, ನಿಜ ಯಾವುದು ಎಂದು ಚೆನ್ನಾಗಿಯೇ ತಿಳಿಯುತ್ತದೆ. ಅಲ್ಲದೆ, ಅಲ್ಲ ಎನ್ನಲು ನಿಜ ಏನೆಂದು ನನಗೇ ಗೊತ್ತಿರಲಿಲ್ಲ. ಅವಳು ಸಿಕ್ಕಿಸಿದ ಜಾಗದಿಂದಲೇ ಬೆಂಕಿ ಬಂದಿರಲೂಬಹುದು.

ಮದುವೆಗೆ ಮುಂಚೆ ಕೆಲವು ವರ್ಷ ನಾನು ವಿಮಾನಪುರದ ಹತ್ತಿರದ ಒಂದು ಸಣ್ಣ ಘಟಕದಲ್ಲಿ ವಿಮಾನಗಳಿಗೆ ವೈರಿನ ಕಟ್ಟು ಕಟ್ಟುವ ಕೆಲಸ ಮಾಡಿದ್ದೆ. ಹಲಗೆಯ ಮೇಲೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ವೈರು ಎಳೆದು, ಮೇಣದ ದಾರದಿಂದ ಗಂಟು ಹಾಕುವುದು. ನಾವು ಸಾಲಾಗಿ ಕೂತ ಹೆಂಗಸರೇ ಆ ಕೆಲಸಕ್ಕೆ. ಸುಟ್ಟ ವೈರು ಎಲ್ಲಿಂದ ಸುಟ್ಟಿತೆಂದು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ ಎಂಬುದನ್ನು ಅಲ್ಲಿಯೇ ಕಲಿತೆ. ಕಾರು ಗುಜರಿಗೆ ಹೋದರೆ ಅದರೊಳಗಿನ ವೈರೂ ಹೋಗುತ್ತದೆ, ತನ್ನಿಂದಲೇ ಕಾರು ಹೋಯಿತು ಎಂದು ಮಗಳು ತೀರ್ಮಾನಿಸಿಬಿಡುತ್ತಾಳೆ. ಅದಕ್ಕೇ ಬೇಡ ಎಂದೆ.

ಶಿವಾಜಿನಗರದಿಂದ ಮುನೀರ್ ಭಾಯ್ ಬಂದರು. ಹಳೇ ಕಾರುಗಳ ಎಲೆಕ್ಟ್ರಿಷಿಯನ್, ಮಾವನವರಿಗೆ ಹಳಬರು. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ ನಾಲಿಗೆ ಲೊಚಗುಟ್ಟಿದರು.

"ಪೂರಾ ಸೆಟ್ ಹೋಗಿದೆ ಅಕ್ಕ. ಕಟ್ ಮಾಡಿ ತೆಗೆದ್ಬಿಡ್ತೀನಿ, ಐದು ನಿಮಿಷ."

"ಕಟ್ ಮಾಡ್ಬೇಡಿ ಭಾಯ್. ಹೇಗಿದೆಯೋ ಹಾಗೇ ಇಡಿಯಾಗಿ ಬರ್ಬೇಕು."

"ಸತ್ತ ಹಾವು ಅಕ್ಕ ಇದು. ಮರ್ಯಾದೆಯಿಂದ ಎತ್ತಿದ್ರೂ ಹಾವೇ, ಕಡ್ಡಿಯಿಂದ ಎತ್ತಿದ್ರೂ ಹಾವೇ."

"ಮರ್ಯಾದೆಯಿಂದಾನೇ ಎತ್ತಿ."

ಐದು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಮುನೀರ್ ಭಾಯ್ ಕಾರಿನೊಳಗೆ ಅಂಗಾತ ಮಲಗಿ, ಉರ್ದುವಿನಲ್ಲಿ ಯಾರನ್ನೋ ಬೈಯುತ್ತ, ಒಂದೊಂದೇ ಕ್ಲಿಪ್ ಬಿಡಿಸಿದರು. ಬೈಗುಳ ಬಹುಶಃ ನನಗೇ. ನಡುವೆ ಎರಡು ಸಲ ಟೀ ಕೊಟ್ಟೆ, ಊಟಕ್ಕೆ ಉಪ್ಪಿಟ್ಟು ಹಾಕಿದೆ. ಕಡೆಗೆ ಕಪ್ಪಗೆ, ಕೊಂಬೆ ಕೊಂಬೆಯಾಗಿ, ಒಂದು ದೊಡ್ಡ ನುಗ್ಗೆ ರೆಂಬೆಯಷ್ಟು ಉದ್ದದ ವೈರಿನ ಕಟ್ಟು ಹೊರಗೆ ಬಂತು.

ಮಾರನೆಯ ದಿನ ಹೊಸ ಸೆಟ್ ನೋಡಲು ಅವರ ಜೊತೆ ಶಿವಾಜಿನಗರಕ್ಕೆ ಹೋದೆ. ಸಕ್ಲೇನ್ ಎನ್ನುವವರ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಎರಡು ಗೋಡೆಯ ನಡುವಿನ ಸಂದು. ನೆಲದಿಂದ ಸೂರಿನವರೆಗೆ ಹಳೇ ಹೆಡ್‌ಲೈಟು, ಹಾರ್ನು, ಸ್ಟೀರಿಂಗು. ಸಕ್ಲೇನ್ ಮೊದಲು ಬೇರೊಂದು ಪದ್ಮಿನಿಯಿಂದ ಬಿಚ್ಚಿದ ಸೆಟ್ ತಂದು ಹಾಕಿದರು.

"ಕಂಪನಿ ಮಾಲು ಅಕ್ಕ. ಒರಿಜಿನಲ್."

ಒಂದು ವೈರನ್ನು ಹಿಡಿದು ಮೆಲ್ಲಗೆ ಬಗ್ಗಿಸಿದೆ. ಮೇಲಿನ ಹೊದಿಕೆ ಹಪ್ಪಳದಂತೆ ಪಟಪಟ ಒಡೆದು ಉದುರಿತು. ಸಕ್ಲೇನ್ ಏನೂ ಆಗಿಲ್ಲವೆಂಬಂತೆ ಅದನ್ನು ಕಾಲಿನಿಂದ ಬದಿಗೆ ತಳ್ಳಿದರು.

ಎರಡನೆಯದು ಪ್ಲಾಸ್ಟಿಕ್ ಚೀಲದಲ್ಲಿದ್ದ ರೆಡಿ ಸೆಟ್. ಹೊಸದು, ಹೊಳೆಯುತ್ತಿತ್ತು. ಚೀಲ ಬಿಚ್ಚಿಸಿ, ಹೆಡ್‌ಲೈಟಿನ ವೈರನ್ನೂ ಹಿಂದಿನ ದೀಪದ ವೈರನ್ನೂ ಒಟ್ಟಿಗೆ ಬೆರಳ ನಡುವೆ ಹೊರಳಿಸಿದೆ. ಎರಡೂ ಒಂದೇ ದಪ್ಪ. ಹೆಡ್‌ಲೈಟು ಎಳೆಯುವ ಕರೆಂಟಿಗೆ ಅಷ್ಟು ತೆಳು ವೈರು ಸಾಲದು, ಬಿಸಿಯಾಗುತ್ತದೆ. ಬಣ್ಣವೂ ಎರಡೇ, ಕೆಂಪು ಮತ್ತು ಕಪ್ಪು. ನಾಳೆ ಏನಾದರೂ ಕೆಟ್ಟರೆ ಯಾವುದು ಯಾವ ಕಡೆಗೆ ಹೋಗುತ್ತದೆಂದು ಹುಡುಕುವುದು ಹೇಗೆ?

"ಮದುವೆ ಸೀರೆ ಆರಿಸೋ ಹಾಗೆ ಆರಿಸ್ತಿದೀರಲ್ಲ ಅಕ್ಕ," ಎಂದರು ಸಕ್ಲೇನ್.

"ಸೀರೆ ಆದ್ರೆ ಬಣ್ಣ ಹೋದ್ರೂ ಮನೇಲಿ ಉಟ್ಕೋಬಹುದು. ಇದನ್ನ ಏನ್ ಮಾಡ್ಲಿ?"

ಮುನೀರ್ ಭಾಯ್ ಜೋರಾಗಿ ನಕ್ಕರು. ಸಕ್ಲೇನ್‌ಗೆ ಕೆಣಕಿದಂತಾಯಿತೇನೋ, ಅಟ್ಟದಿಂದ ಒಂದು ಡಬ್ಬಿ ಇಳಿಸಿ, ಬಟ್ಟೆಯಲ್ಲಿ ಸುತ್ತಿದ್ದ ಸೆಟ್ ಬಿಚ್ಚಿ ಕೌಂಟರಿನ ಮೇಲೆ ಹರಡಿದರು. ಬೇರೆ ಯಾರದೋ ಆರ್ಡರ್. ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ, ಒಂದೊಂದು ದಪ್ಪ. ತುದಿಗಳನ್ನು ಅಂದವಾಗಿ ಒತ್ತಿದ್ದರು. ನಿಜವಾಗಿಯೂ ಒಳ್ಳೆಯ ಕೈ. ನನಗಿಂತ ಚೆನ್ನಾಗಿ ಕಟ್ಟಿದ್ದರು ಎಂದರೂ ಸುಳ್ಳಲ್ಲ.

"ಕೊಯಮತ್ತೂರಲ್ಲಿ ಮಾಡಿಸಿ ತರಿಸ್ತೀನಿ. ನಿಮ್ಮ ಹಳೇ ಸೆಟ್ ಕೊಡಿ, ಅವರು ಅದನ್ನ ಬಿಚ್ಚಿ, ಅಳತೆ ತಗೊಂಡು, ಹಾಗೇ ಮಾಡ್ತಾರೆ."

"ಹಳೇದು ವಾಪಸ್ ಬರುತ್ತಾ?"

"ಬಿಚ್ಚಿದ್ಮೇಲೆ ಏನಿರುತ್ತೆ ಅಕ್ಕ? ತಾಮ್ರ. ಅದನ್ನ ಅವರೇ ಇಟ್ಕೋತಾರೆ."

ಅಲ್ಲಿಂದಲೇ ಸುನೀಲ್‌ಗೆ ಫೋನ್ ಮಾಡಿದೆ. ಅವರು ಬೈಯಪ್ಪನಹಳ್ಳಿಯ ಮೆಟ್ರೋ ಡಿಪೋದಲ್ಲಿ ಶಿಫ್ಟಿನಲ್ಲಿದ್ದರು.

"ಅದನ್ನೇ ತಗೋ, ಚೆನ್ನಾಗಿದೆ ಅಂತೀಯಲ್ಲ," ಎಂದರು. "ಹಳೇದು ಇಟ್ಕೊಂಡು ಏನು ಮಾಡ್ತೀಯ?"

"ಬೆಂಕಿ ಎಲ್ಲಿಂದ ಬಂತು ಅಂತ ನೋಡ್ಬೇಕು ರೀ."

ಹಿಂದೆ ರೈಲೊಂದು ಸಾಗಿದ ಸದ್ದು ಕೇಳಿಸಿತು. "ನೋಡಿದ್ಮೇಲೆ ಅದು ಅವಳು ಸಿಕ್ಕಿಸಿದ ಕಡೆಯಿಂದಲೇ ಅಂತ ಆದ್ರೆ?" ಎಂದರು.

ಆ ಮಾತು ನನ್ನ ತಲೆಯಲ್ಲೂ ಎಷ್ಟೋ ಸಲ ಬಂದು ಹೋಗಿತ್ತು. "ಆದ್ರೆ ಆಯ್ತು," ಎಂದೆ. "ವೈರು ಕೊಟ್ಟಿದ್ದು ದೊಡ್ಡವರು, ಮಗು ಅಲ್ಲ ಅಂತ ಹೇಳೋಣ. ಏನೂ ಗೊತ್ತಿಲ್ದೆ ಸುಮ್ನಿರೋದಕ್ಕಿಂತ ಅದು ವಾಸಿ."

ಫೋನ್ ಇಟ್ಟು ಆ ಒಳ್ಳೆಯ ಸೆಟ್ ಮೇಲೆ ಇನ್ನೊಂದು ಸಲ ಕೈ ಆಡಿಸಿದೆ. ಅದನ್ನು ಆರಿಸಿಕೊಂಡರೆ ಕಾರು ಓಡುತ್ತದೆ, ನನ್ನ ಮನೆಗೆಲಸವೂ ನಿಲ್ಲುವುದಿಲ್ಲ. ಆದರೆ ಮಗಳ ಪ್ರಶ್ನೆಗೆ ಉತ್ತರ ಕೊಯಮತ್ತೂರಿನಲ್ಲಿ ಯಾವುದೋ ತಾಮ್ರದ ರಾಶಿಗೆ ಸೇರುತ್ತದೆ.

"ಇದು ಬೇಡ ಸಕ್ಲೇನ್ ಭಾಯ್. ನಂಗೆ ವೈರು ಮೀಟರ್ ಲೆಕ್ಕದಲ್ಲಿ ಕೊಡಿ. ಇದೇ ಥರದ್ದು, ಇದೇ ಬಣ್ಣಗಳು. ತುದಿಗೆ ಹಾಕೋ ಟರ್ಮಿನಲ್ಲೂ ಕೊಡಿ."

"ಯಾರು ಕಟ್ತಾರೆ?"

"ನಾನು."

ಸಕ್ಲೇನ್ ಮುನೀರ್ ಭಾಯ್ ಮುಖ ನೋಡಿದರು. ಮುನೀರ್ ಭಾಯ್ ಗಡ್ಡ ಕೆರೆದುಕೊಂಡರು. "ಕಟ್ಟಿ ಅಕ್ಕ. ಆದ್ರೆ ನಾನು ಒಂದೊಂದೇ ಜಾಯಿಂಟ್ ಟೆಸ್ಟ್ ಮಾಡ್ತೀನಿ. ಒಂದು ಸಡಿಲ ಇದ್ರೂ ಕಾರಿಗೆ ಹಾಕಲ್ಲ, ಆಮೇಲೆ ಬೇಜಾರು ಮಾಡ್ಕೋಬೇಡಿ."

"ಅದಕ್ಕೇ ನೀವು ಬೇಕು ಅಂದಿದ್ದು," ಎಂದೆ.

ಹಳೇ ಮಂಚದ ಪ್ಲೈವುಡ್ ಹಲಗೆಯನ್ನು ಹಜಾರಕ್ಕೆ ತಂದು ಹಾಸಿದೆ. ಅದರ ಮೇಲೆ ಹಳೇ ಸೆಟ್ ಹರಡಿದರೆ ಕಾಲಿಡಲು ಜಾಗವಿಲ್ಲ.

"ಊಟ ಎಲ್ಲಿ ಮಾಡೋದು?" ಎಂದರು ಮಾವ.

"ಅಡುಗೆಮನೇಲಿ."

"ಟೀವಿ ಎಲ್ಲಿಂದ ನೋಡೋದು?"

"ಅಡುಗೆಮನೆಯಿಂದ ಕೇಳಿಸುತ್ತೆ ಮಾವ."

ಅವರು ಗೊಣಗುತ್ತಲೇ ಹೋಗಿ ಮೊಳೆಯ ಡಬ್ಬಿ ತಂದು, ಹಲಗೆಯ ಪಕ್ಕ ಕೂತು, ಎಡಗೈಯಲ್ಲಿ ಸುತ್ತಿಗೆ ಹಿಡಿದು ಹೊಡೆಯತೊಡಗಿದರು. ಅರ್ಧದಷ್ಟು ಮೊಳೆಗಳು ಸೊಟ್ಟಗಾದವು. ಶಾಲೆಯಿಂದ ಬಂದ ಮಿತ್ರಾ ಹೊಸ್ತಿಲಲ್ಲಿ ನಿಂತು ಆ ಎಡಗೈಯನ್ನು ನೋಡಿ, ಒಳಕೋಣೆಗೆ ಹೋದಳು.

ಬಿಚ್ಚುವ ಕೆಲಸಕ್ಕೆ ನಾನೊಂದು ನಿಯಮ ಮಾಡಿಕೊಂಡೆ. ಮುಂದಿನ ದೀಪ, ಹಿಂದಿನ ದೀಪ, ಹಾರ್ನಿನ ಕೊಂಬೆಗಳನ್ನು ಕುಕ್ಕರ್ ಕೂಗುವುದರೊಳಗೆ, ಹಾಲು ಕಾಯುವುದರೊಳಗೆ ಬಿಡಿಸುವುದು. ಡ್ಯಾಶ್‌ಬೋರ್ಡಿನ ಹಿಂದಿದ್ದ ಭಾಗ, ಅಂದರೆ ಬೆಂಕಿ ಹತ್ತಿದ ಭಾಗವನ್ನು ಮಾತ್ರ ಮುಟ್ಟುವುದಿಲ್ಲ. ಅದಕ್ಕೊಂದು ಹಳೇ ಟವೆಲ್ ಸುತ್ತಿಟ್ಟೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಆ ಟವೆಲ್ ಬಿಚ್ಚಿ ನೋಡಿಬಿಡೋಣ ಎಂದು ಕೈ ತುರಿಸುತ್ತಿತ್ತು. ಪಾತ್ರೆ ತಿಕ್ಕಲು ಹೋಗುತ್ತಿದ್ದೆ. ನಾನು ಮೊದಲೇ ನೋಡಿಟ್ಟು, ಬೇಕಾದ್ದನ್ನು ಮಾತ್ರ ತೋರಿಸಿದೆ ಎಂದು ಮಗಳಿಗೆ ಎಂದೂ ಅನಿಸಬಾರದು. ಏನು ಸಿಕ್ಕಿದರೂ ಅವಳ ಕಣ್ಣೆದುರೇ ಸಿಗಬೇಕು.

ಅವಳನ್ನು ನಾನು ಕರೆಯಲಿಲ್ಲ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ತಿನ್ನುತ್ತಿದ್ದವಳು ಒಂದು ಸಂಜೆ ಅಲ್ಲಿಂದಲೇ ಹೇಳಿದಳು.

"ಅಮ್ಮ, ಅದು ಕಪ್ಪಲ್ಲ. ಕಂದು."

"ಹೌದಾ? ನಂಗೆ ಕಪ್ಪೇ ಕಾಣುತ್ತಪ್ಪ."

"ಮಸಿ ಮೆತ್ಕೊಂಡಿದೆ ಅಷ್ಟೇ. ಒರೆಸು."

"ನನ್ ಕೈ ತುಂಬ ಮೇಣ. ನೀನೇ ಒರೆಸಿ ಹೇಳು."

ಒದ್ದೆ ಬಟ್ಟೆ ತಂದು ಒರೆಸಿದಳು. ಕಂದೇ. ಆಮೇಲೆ ಬಣ್ಣ ನೋಡಿ ಹೇಳುವ ಕೆಲಸ ಅವಳದಾಯಿತು. ಆಮೇಲೆ ಮೇಣದ ದಾರ ಕತ್ತರಿಸಿ ಕೊಡುವ ಕೆಲಸ. ಆಮೇಲೆ ಗಂಟು.

"ಹೂ ಕಟ್ಟೋ ಥರಾನೇ ಇದೆ," ಎಂದಳು.

"ಹಾಗೇ. ಆದ್ರೆ ಹೂ ಉದುರಿದ್ರೆ ಪರವಾಗಿಲ್ಲ, ಇದು ಉದುರ್ಬಾರದು. ಅದಕ್ಕೇ ಎರಡನೇ ಗಂಟು."

ಸುಟ್ಟ ವೈರಿನ ಲಕ್ಷಣವನ್ನೂ ಆಗಲೇ ಹೇಳಿಕೊಟ್ಟೆ. ಪಕ್ಕದ ಬೆಂಕಿ ತಾಗಿ ಸುಟ್ಟಿದ್ದರೆ ಮೇಲಿನ ಪ್ಲಾಸ್ಟಿಕ್ ಮಾತ್ರ ಕರಗುತ್ತದೆ, ಒಳಗಿನ ತಾಮ್ರದ ಎಳೆಗಳು ಎಳೆಗಳಾಗಿಯೇ ಇರುತ್ತವೆ. ಕರೆಂಟು ಕಿಡಿ ಹಾರಿಸಿ ಬೆಂಕಿ ಶುರುವಾದ ಜಾಗದಲ್ಲಿ ತಾಮ್ರವೇ ಕರಗಿ ಸಣ್ಣ ಗುಂಡಾಗಿ ನಿಂತಿರುತ್ತದೆ. ಅವಳು ಕೇಳಿಸಿಕೊಂಡಳು. ಟವೆಲ್ ಸುತ್ತಿದ ಕಡೆ ನೋಡಿ ಬಾಯಿ ತೆರೆದಳು.

"ಅಮ್ಮ..."

ನಾನು ಕೈಯಲ್ಲಿದ್ದ ಗಂಟನ್ನು ಬಿಗಿಯುತ್ತ ಕಾದೆ.

"ಏನಿಲ್ಲ," ಎಂದಳು. ದಾರದ ಉಂಡೆ ಎತ್ತಿಕೊಂಡಳು.

ಭಾನುವಾರ ತಿಂಡಿ ಮುಗಿದ ಮೇಲೆ ಟವೆಲ್ ತೆಗೆದೆ. ಸುನೀಲ್ ಡ್ಯೂಟಿಗೆ ಹೋಗಿದ್ದರು. ಮಾವ ಕುರ್ಚಿಯನ್ನು ಹಲಗೆಯ ಹತ್ತಿರಕ್ಕೆ ಎಳೆದುಕೊಂಡರು. ಟೇಪು ಕರಗಿ ವೈರುಗಳ ಜೊತೆ ಒಂದಾಗಿತ್ತು. ಬ್ಲೇಡಿನಿಂದ ಕೊಯ್ದು ಒಂದೊಂದೇ ಎಳೆ ಬಿಡಿಸಿದೆ. ಫ್ಯೂಸ್ ಬಾಕ್ಸಿನ ಹತ್ತಿರದ ತುದಿ ಬಂದಾಗ ಬ್ಲೇಡ್ ಕೆಳಗಿಟ್ಟೆ. ಅಲ್ಲಿ ತೆಳು ನೀಲಿ ವೈರಿನ ತುಂಡೊಂದು ಇನ್ನೂ ಅಂಟಿಕೊಂಡಿತ್ತು. ಅವಳ ದೀಪದ ವೈರು.

"ಇದನ್ನ ನೀನೇ ನೋಡು," ಎಂದೆ.

ಮಿತ್ರಾ ಮೊಣಕಾಲೂರಿ ಕೂತಳು. ಕರಗಿದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು ತೆಗೆದಳು. ತಾಮ್ರ ಕಂಡಿತು. ತೆಳು ಎಳೆಗಳು, ಒಂದೊಂದೂ ಬೇರೆ ಬೇರೆ, ಕೂದಲಿನಂತೆ. ಅವನ್ನು ಬೆರಳಿನಿಂದ ಬಿಡಿಸಿ, ಮತ್ತೆ ಕೂಡಿಸಿ, ಮತ್ತೆ ಬಿಡಿಸಿದಳು. ನನ್ನ ಮುಖ ನೋಡಲಿಲ್ಲ. ಅಲ್ಲಿಂದ ಬೆರಳನ್ನು ವೈರಿನ ಮೇಲೆ ಇಂಚಿಂಚೇ ಸರಿಸಿಕೊಂಡು ಹೋದಳು. ಬ್ಯಾಟರಿಯಿಂದ ಕೀಲಿಗೆ ಹೋಗುವ ದಪ್ಪ ವೈರಿನ ನಡುವೆ ಬೆರಳು ನಿಂತಿತು.

"ಇಲ್ಲಿ," ಎಂದಳು.

ಬಗ್ಗಿ ನೋಡಿದೆ. ಅಲ್ಲಿ ಎಳೆಗಳಿರಲಿಲ್ಲ. ತಾಮ್ರ ಕರಗಿ ಸಾಸಿವೆ ಕಾಳಿನಂಥ ಗುಂಡುಗಳಾಗಿ ಅಂಟಿತ್ತು. ಅವಳ ನೀಲಿ ವೈರಿಗೂ ಆ ಜಾಗಕ್ಕೂ ಒಂದು ಮೊಳದಷ್ಟು ದೂರ.

"ಇದು ಕಾರಲ್ಲಿ ಎಲ್ಲಿತ್ತು?" ಎಂದು ಕೇಳಿದಳು.

"ಇಟ್ಟು ನೋಡಿದ್ರೆ ಗೊತ್ತಾಗುತ್ತೆ."

ಮೂವರೂ ಆ ಕಟ್ಟನ್ನು ಮೂರು ಕಡೆ ಹಿಡಿದು ಅಂಗಳಕ್ಕೆ ಒಯ್ದೆವು. ಕಾರಿನ ಬಾಗಿಲ ಬಳಿ ಮಿತ್ರಾ ನಿಂತಳು. ನಾನೂ ನಿಂತೆ. ಹತ್ತು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕೈ ಸೋಲತೊಡಗಿತ್ತು. ಅವಳು ಒಂದು ಕಾಲು ಒಳಗಿಟ್ಟಳು, ಸೀಟಿನ ಅಂಚಿನಲ್ಲಿ ಕೂತಳು, ಆಮೇಲೆ ಪೂರ್ತಿ ಒಳಗೆ ಸರಿದು ಕೀಲಿಗೆ ಹೋಗುವ ವೈರಿನ ತುದಿಯನ್ನು ಕೀಲಿ ಹಾಕುವ ಜಾಗಕ್ಕೆ ಹಿಡಿದಳು. ನಾನು ಸ್ಪೀಡ್ ಮೀಟರಿಗೆ ಹೋಗುವ ತುದಿಯನ್ನು ಮೀಟರಿಗೆ ಹಿಡಿದೆ. ತಾಮ್ರದ ಗುಂಡುಗಳಿದ್ದ ಜಾಗ ಡ್ಯಾಶ್‌ಬೋರ್ಡಿನ ನಟ್ಟನಡುವೆ ಬಂತು. ಸರಿಯಾಗಿ ಅದರ ಮೇಲೆಯೇ ಮಾವ ಕೂರಿಸಿದ್ದ ಹಿತ್ತಾಳೆಯ ಪುಟ್ಟ ಬುದ್ಧ.

ಮಾವ ಆ ಕಡೆಯ ಬಾಗಿಲಿನಿಂದ ಬಗ್ಗಿ, ಬುದ್ಧನ ಕೆಳಗೆ ಡ್ಯಾಶ್‌ಬೋರ್ಡಿನ ಒಳಮೈಯನ್ನು ಬಲಗೈಯಿಂದ ತಡವಿದರು. ಕೈ ಒಂದು ಕಡೆ ನಿಂತುಬಿಟ್ಟಿತು. ನಾನೂ ತಡವಿ ನೋಡಿದೆ. ಸ್ಕ್ರೂವಿನ ಚೂಪು ತುದಿ, ಒಂದು ಬೆರಳಿನಷ್ಟು ಹೊರಗೆ ಬಂದಿತ್ತು.

"ಹಳೇ ಮದ್ರಾಸ್ ರೋಡಿನ ಹಂಪ್ ಹಾರಿದಾಗ ಒಂದ್ಸಲ ಬಿದ್ಬಿಟ್ಟಿದ್ದ," ಎಂದರು ಮಾವ, ಬುದ್ಧನನ್ನು ನೋಡುತ್ತ. "ಅಲ್ಲಾಡ್ಬಾರದು ಅಂತ ಉದ್ದದ ಸ್ಕ್ರೂ ತಂದು ನಾನೇ ಬಿಗಿದಿದ್ದೆ. ಎಷ್ಟೋ ವರ್ಷ ಆಯ್ತು ಲಕ್ಷ್ಮಿ."

ಅಷ್ಟು ವರ್ಷ ಕಾರು ಅಲುಗಿದಾಗಲೆಲ್ಲ ಆ ತುದಿ ವೈರನ್ನು ತಿಕ್ಕಿತ್ತು. ಜಯಂತಿಯ ದಿನ ಹೊದಿಕೆ ಹರಿದು, ಅದು ತಾಮ್ರಕ್ಕೆ ಮುಟ್ಟಿ ಕಿಡಿ ಹಾರಿತ್ತು. ಮಾವನವರಿಗೆ ಅದು ಹೊಳೆದದ್ದು ಅವರ ಮುಖದಲ್ಲೇ ಕಂಡಿತು. ಮೊಮ್ಮಗಳ ಕಡೆ ತಿರುಗಿ ಏನೋ ಹೇಳಲು ಹೊರಟರು. ನಾನು ಅವರ ತೋಳು ಮುಟ್ಟಿ ತಲೆ ಆಡಿಸಿದೆ. ಸ್ವಲ್ಪ ತಾಳಿ ಮಾವ, ಅವಳೇ ಕೇಳಲಿ.

ಬೀದಿಯಲ್ಲಿ ತರಕಾರಿ ಗಾಡಿಯವನು ಸೊಪ್ಪು ಸೊಪ್ಪು ಎಂದು ಕೂಗಿಕೊಂಡು ಹೋದ. ಒಲೆಯ ಮೇಲೆ ಬೇಳೆಗಿಟ್ಟಿದ್ದು ನೆನಪಾಯಿತು, ಆದರೂ ಕದಲಲಿಲ್ಲ. ಮಿತ್ರಾ ಸೀಟಿನಲ್ಲಿ ಕೂತು ಸ್ಕ್ರೂವಿನ ಜಾಗವನ್ನು ನೋಡಿದಳು, ತನ್ನ ಕೈಯಲ್ಲಿದ್ದ ವೈರನ್ನು ನೋಡಿದಳು. ಅದನ್ನು ತೊಡೆಯ ಮೇಲಿಟ್ಟು, ಡ್ಯಾಶ್‌ಬೋರ್ಡಿನ ಮೇಲಿದ್ದ ತಾತನ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಗುಚಿದಳು. ಕೆಂಪಗಿನ ಅಂಗೈಯ ಮೇಲೆ ಮಸಿಯ ಬೆರಳನ್ನು ಮೆಲ್ಲಗೆ ಇಟ್ಟಳು.

"ತಾತ," ಎಂದಳು. "ಅವತ್ತು ಬೆಂಕಿ ಬಂದಿದ್ದು, ನಿನ್ ಕೈ ಸುಟ್ಟಿದ್ದು... ನಾನು ಲೈಟ್ ಸಿಕ್ಕಿಸಿದ್ದಕ್ಕಾ?"